ಯಾಗರ್ ಐವತ್ತು ದಾಟಿದ ಮೇಲೂ ಯಾಕೆ ಆಡಿದ?

ನೀಲಿಗೆರೆ

ಚೆಕ್ ಐಸ್ ಹಾಕಿ ಆಟಗಾರ ಯಾರೊಮೀರ್ ಯಾಗರ್ ಹೆಸರೆತ್ತಿದರೆ ಸಾಕು, ಎರಡೇ ಮಾತು ಬರುತ್ತೆ. ಒಂದು, ತೊಂಬತ್ತರ ದಶಕದಲ್ಲಿ ಹೆಲ್ಮೆಟ್ ಹಿಂದೆ ಇಳಿಬಿದ್ದಿದ್ದ ಆ ಕೂದಲು. ಇನ್ನೊಂದು, "ಪಾಪ, ಅವನಿಗೆ ಆಟ ಬಿಡೋಕೇ ಆಗ್ತಿಲ್ಲ." ಕೂದಲಿಗೆ ನನ್ನ ತಕರಾರಿಲ್ಲ. ಎರಡನೇ ಮಾತನ್ನ ಮಾತ್ರ ಒಪ್ಪಲ್ಲ, ಅದಕ್ಕೇ ಈ ಚರ್ಚೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. ಹುಟ್ಟಿದ್ದು 1972ರ ಫೆಬ್ರವರಿ 15, ಆಗಿನ ಚೆಕೊಸ್ಲೊವಾಕಿಯಾದ ಕ್ಲಾದ್ನೊದಲ್ಲಿ. ಪ್ರಾಗ್ ಹತ್ತಿರದ, ಉಕ್ಕಿನ ಕಾರ್ಖಾನೆಗೆ ಹೆಸರಾದ ಊರು. ಎನ್‌ಎಚ್‌ಎಲ್ ಅಂದ್ರೆ ಅಮೆರಿಕ, ಕೆನಡಾದ ದೊಡ್ಡ ಐಸ್ ಹಾಕಿ ಲೀಗ್. ಅಲ್ಲಿನ ತಂಡಗಳು ಸರದಿಯಂತೆ ಹೊಸ ಹುಡುಗರನ್ನ ಆರಿಸಿಕೊಳ್ಳೋ 1990ರ ಡ್ರಾಫ್ಟ್‌ನಲ್ಲಿ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಐದನೇ ಸ್ಥಾನದಲ್ಲಿ ಆರಿಸಿಕೊಳ್ತು. ಹೋದ ಮೊದಲೆರಡು ಸೀಸನ್‌ನಲ್ಲೇ, 1991 ಮತ್ತು 1992ರಲ್ಲಿ, ಎರಡು ಸ್ಟ್ಯಾನ್ಲಿ ಕಪ್, ಅಂದ್ರೆ ಆ ಲೀಗ್‌ನ ಚಾಂಪಿಯನ್ ಪಟ್ಟ. 1998ರಲ್ಲಿ ನಾಗಾನೊ ಒಲಿಂಪಿಕ್ ಚಿನ್ನ, 2005 ಮತ್ತು 2010ರಲ್ಲಿ ವಿಶ್ವ ಚಾಂಪಿಯನ್. ಎನ್‌ಎಚ್‌ಎಲ್‌ನಲ್ಲಿ 1733 ಪಂದ್ಯ, 766 ಗೋಲು, 1155 ಅಸಿಸ್ಟ್, ಒಟ್ಟು 1921 ಪಾಯಿಂಟ್. ಅವನಿಗಿಂತ ಮುಂದಿರೋದು ವೇಯ್ನ್ ಗ್ರೆಟ್ಸ್ಕಿ ಒಬ್ಬನೇ.

2024ರ ಫೆಬ್ರವರಿಯಲ್ಲಿ ಪಿಟ್ಸ್‌ಬರ್ಗ್ ಅವನ 68ನೇ ನಂಬರನ್ನ ನಿವೃತ್ತಿಗೊಳಿಸಿತು, ಅಂದ್ರೆ ಆ ತಂಡದಲ್ಲಿ ಇನ್ನು ಯಾರಿಗೂ ಆ ನಂಬರ್ ಕೊಡಲ್ಲ. ಇಂಥ ಸಮಾರಂಭಕ್ಕೆ ಸಾಮಾನ್ಯವಾಗಿ ಆಟ ಬಿಟ್ಟು ಎಷ್ಟೋ ವರ್ಷ ಆದವರು ಕೋಟು ತೊಟ್ಟು ಬರ್ತಾರೆ. ಇವನು ಸ್ಕೇಟ್ ಕಟ್ಟಿಕೊಂಡು ಪೆಂಗ್ವಿನ್ಸ್ ನಾಯಕ ಸಿಡ್ನಿ ಕ್ರಾಸ್ಬಿ ಬಳಗದ ಜೊತೆ ವಾರ್ಮಪ್‌ಗೇ ಇಳಿದ. ವಯಸ್ಸು 52. ಆಗಲೂ ಕ್ಲಾದ್ನೊ ತಂಡದ ಹಾಲಿ ಆಟಗಾರ.

ನನ್ನ ಪ್ರಕಾರ ಯಾಗರ್ ಯಾರು ಅಂತ ಗೊತ್ತಾಗೋದು 39 ದಾಟಿದ ಮೇಲಿನ ಆಟದಲ್ಲಿ. ಕಪ್‌ಗಳು ಬಂದಾಗ ಪಕ್ಕದಲ್ಲಿ ಪಿಟ್ಸ್‌ಬರ್ಗ್‌ನ ದೊಡ್ಡ ತಾರೆ ಮಾರಿಯೊ ಲೆಮ್ಯೂ ಇದ್ದ. ಆಮೇಲಿನದು ಅವನದೇ ದುಡಿಮೆ. ನಿಮಗೇನನ್ನಿಸುತ್ತೆ?

ಲೆಕ್ಕದ_ಮೇಷ್ಟ್ರು

"ಪಕ್ಕದಲ್ಲಿ ಲೆಮ್ಯೂ ಇದ್ದ" ಅನ್ನೋದು ಅರ್ಧ ಮಾತ್ರ ನಿಜ ಸ್ವಾಮಿ. 1995–96ರಲ್ಲಿ ಯಾಗರ್ 149 ಪಾಯಿಂಟ್ ಮಾಡಿದಾಗ ಲೆಮ್ಯೂ 161 ಮಾಡಿ ಮುಂದಿದ್ದ, ಸರಿ. ಆದರೆ 1997ರಲ್ಲಿ ಲೆಮ್ಯೂ ಆಟ ಬಿಟ್ಟ ಮೇಲೆ ಏನಾಯ್ತು ನೋಡಿ. 1997–98ರಲ್ಲಿ ಇಡೀ ಲೀಗ್‌ನಲ್ಲಿ ನೂರು ದಾಟಿದವನು ಇವನೊಬ್ಬನೇ, 102. ಮರುವರ್ಷ 127, ಎರಡನೇ ಸ್ಥಾನದ ಟೀಮು ಸೆಲಾನೆ 107. ಇಪ್ಪತ್ತು ಪಾಯಿಂಟ್ ಅಂತರ! 1999–2000ರಲ್ಲಿ ಗಾಯದಿಂದ 63 ಪಂದ್ಯ ಮಾತ್ರ ಆಡಿ 96 ಮಾಡಿದ, ಆ ವರ್ಷವೂ ಅತಿ ಹೆಚ್ಚು ಪಾಯಿಂಟ್‌ನ ಆರ್ಟ್ ರಾಸ್ ಟ್ರೋಫಿ ಅವನಿಗೇ. ಒಟ್ಟು ಐದು ಸಲ ಗೆದ್ದಿದ್ದಾನೆ, ಅದರಲ್ಲಿ ನಾಲ್ಕು ಬೆನ್ನುಬೆನ್ನಿಗೆ.

ಕಾಲವನ್ನೂ ಮರೀಬೇಡಿ. ತೊಂಬತ್ತರ ಕೊನೆಯಿಂದ 2004ರವರೆಗೆ ಡಿಫೆಂಡರ್‌ಗಳು ಸ್ಟಿಕ್ ಹಾಕಿ ಎಳೆದರೂ, ಜರ್ಸಿ ಹಿಡಿದು ಜಗ್ಗಿದರೂ ರೆಫರಿಗಳು ಹೆಚ್ಚಾಗಿ ಸೀಟಿ ಊದ್ತಾ ಇರಲಿಲ್ಲ. ಗೋಲೇ ಬರದ ಕಾಲ ಅದು. ಆಗಿನ 127ನ್ನ ಎಂಬತ್ತರ ದಶಕದ 127ರ ಪಕ್ಕ ಇಟ್ಟು ತೂಗೋಕಾಗಲ್ಲ.

ಕಳಕೊಂಡಿದ್ದೂ ಕಡಿಮೆಯೇನಲ್ಲ. ಲಾಕೌಟ್‌ನಿಂದ, ಅಂದ್ರೆ ಆಟಗಾರರ ಜೊತೆಗಿನ ಕರಾರು ಜಗಳದಲ್ಲಿ ಮಾಲೀಕರು ಆಟ ನಿಲ್ಲಿಸಿದ್ದರಿಂದ, 1994–95 ಬರೀ 48 ಪಂದ್ಯಕ್ಕೆ ಇಳೀತು. 2004–05 ಪೂರ್ತಿ ಹೋಯ್ತು. 2008ರಿಂದ 2011ರವರೆಗೆ ರಷ್ಯಾದಲ್ಲಿ ಆಡಿದ. 2012–13 ಮತ್ತೆ 48 ಪಂದ್ಯ. ಇದೆಲ್ಲ ಸೇರಿದ್ದರೆ 2200ರ ಆಸುಪಾಸಿಗೆ ಹೋಗ್ತಿದ್ದ ಅಂತ ನನ್ನ ಅಂದಾಜು. ಗ್ರೆಟ್ಸ್ಕಿಯ 2857 ಆಗಲೂ ದೂರವೇ, ಆ ಮಾತು ಬೇರೆ.

ಹೊಸಬಳು

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾನು ಐಸ್ ಹಾಕಿ ನೋಡೋಕೆ ಶುರು ಮಾಡಿದ್ದೇ ಈಚೆಗೆ. ಪಾಯಿಂಟ್ ಅಂದ್ರೆ ಗೋಲಾ? ಮತ್ತೆ ಪಂದ್ಯದಲ್ಲಿ ಎಲ್ಲರೂ ಒಂದು ನಿಮಿಷದೊಳಗೆ ಬೆಂಚಿಗೆ ವಾಪಸ್ ಓಡ್ತಾರಲ್ಲ, ಹಾಗಿದ್ದ ಮೇಲೆ ವಯಸ್ಸಾದವರು ಆಡೋದು ಅಷ್ಟೇನು ಕಷ್ಟ?

ನೀಲಿಗೆರೆ

@ಹೊಸಬಳು ಕೇಳಿದ್ದು ಒಳ್ಳೇದೇ ಆಯ್ತು. ಗೋಲು ಹೊಡೆದರೆ ಒಂದು ಪಾಯಿಂಟ್. ಆ ಗೋಲಿಗೆ ಮುಂಚೆ ಪಕ್ (ಚೆಂಡಿನ ಬದಲಿಗಿರೋ ರಬ್ಬರ್ ಬಿಲ್ಲೆ) ದಾಟಿಸಿದ ಇಬ್ಬರವರೆಗೆ ಅಸಿಸ್ಟ್ ಸಿಗುತ್ತೆ, ಅದಕ್ಕೂ ತಲಾ ಒಂದು ಪಾಯಿಂಟ್.

ಬೆಂಚಿಗೆ ಓಡೋದರ ಬಗ್ಗೆ: ಒಂದು ಶಿಫ್ಟ್ ಸುಮಾರು 45 ಸೆಕೆಂಡ್. ಮುಂಚೂಣಿ ಫಾರ್ವರ್ಡ್ ಅಂಥ ಶಿಫ್ಟ್‌ಗಳನ್ನ ಕೂಡಿಸಿ ಪಂದ್ಯಕ್ಕೆ ಹದಿನೆಂಟು ಇಪ್ಪತ್ತು ನಿಮಿಷ ಆಡ್ತಾನೆ. ಆದರೆ ಆ 45 ಸೆಕೆಂಡ್‌ನಲ್ಲಿ ನಡಿಗೆ ಅನ್ನೋದೇ ಇಲ್ಲ. ಪೂರಾ ದಮ್ಮು ಹಾಕಿ ಸ್ಕೇಟ್ ಮಾಡಬೇಕು, ನಡುವೆ ನೂರು ಕಿಲೋ ಆಳು ಬಂದು ಬೋರ್ಡ್‌ಗೆ, ಅಂದ್ರೆ ಅಂಕಣದ ಸುತ್ತಲಿನ ಗೋಡೆಗೆ, ಗುದ್ದುತ್ತಾನೆ, ಎದ್ದು ಮತ್ತೆ ಓಡಬೇಕು. ಬೆಂಚಲ್ಲಿ ಒಂದೆರಡು ನಿಮಿಷ ಉಸಿರೆಳೆದುಕೊಂಡು ಮತ್ತದೇ. ಎನ್‌ಎಚ್‌ಎಲ್ ಸೀಸನ್ ಅಂದ್ರೆ ಇಂಥ 82 ಪಂದ್ಯ, ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ. ಮೂವತ್ತೈದಕ್ಕೆ ಹೆಚ್ಚಿನವರ ಸೊಂಟ, ಮಂಡಿ ಕೈಕೊಡೋದು ಸುಮ್ಮನೆ ಅಲ್ಲ.

ಕಡಲ_ಕಾಗೆ

ಅವನ ಕಾಲು ನೋಡಿದ್ದೀರಾ ಮಾರಾಯ್ರೆ? ಗುಟ್ಟೆಲ್ಲ ಉಂಟಲ್ಲ, ಅದು ಅಲ್ಲೇ ಉಂಟು. ಸಣ್ಣ ಹುಡುಗ ಇರುವಾಗಲೇ ದಿನಕ್ಕೆ ಸಾವಿರ ಬಸ್ಕಿ ಹೊಡೀತಿದ್ದನಂತೆ, ಅವನೇ ಎಷ್ಟೋ ಕಡೆ ಹೇಳಿದ್ದು. ಪ್ಯಾಂಟಿನ ಒಳಗೆ ತೊಡೆ ಹಿಡಿಸುವುದೇ ಕಷ್ಟ ಅನ್ನುವ ಹಾಗೆ ಕಾಣ್ತದೆ.

ಫ್ಲೋರಿಡಾದಲ್ಲಿ ಆಡಿದ ವರ್ಷಗಳ ವಿಡಿಯೋ ಸಾವಕಾಶ ನೋಡಿ. ಮೂಲೆಯಲ್ಲಿ ಪಕ್ ಸಿಕ್ಕಿತು ಅಂತಿಟ್ಟುಕೊಳ್ಳಿ. ಬೇರೆಯವರಾದರೆ ಕೂಡಲೇ ದಾಟಿಸಿ ಬಿಡ್ತಾರೆ. ಇವ ಡಿಫೆಂಡರ್‌ಗೆ ಬೆನ್ನು ಕೊಟ್ಟು ನಿಲ್ಲುವುದು. ಮಂಡಿ ಬಗ್ಗಿಸಿ, ಕಾಲು ಅಗಲ ಮಾಡಿ, ಸೊಂಟ ಹಿಂದಕ್ಕೆ ದೂಡಿ ಕೂತ ಹಾಗೆ. ಸ್ಟಿಕ್ ಒಂದೇ ಕೈಯಲ್ಲಿ, ಆ ಉದ್ದದ ತೋಳಿನ ತುದಿಯಲ್ಲಿ ಪಕ್. ಇನ್ನೊಂದು ತೋಳು ಡಿಫೆಂಡರ್‌ನ ಎದೆಗೆ ಅಡ್ಡ. ಅವ ಎಡಕ್ಕೆ ಬಂದರೆ ಇವನ ಸೊಂಟ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. ಅವ ಸ್ಟಿಕ್ ಚಾಚಿ ಚಾಚಿ ಸುಸ್ತು. ಐದು ಸೆಕೆಂಡು, ಆರು ಸೆಕೆಂಡು, ಪಕ್ ಬಿಡುವುದಿಲ್ಲ. ಅಷ್ಟರಲ್ಲಿ ಎರಡನೇ ಡಿಫೆಂಡರ್ ಸಹಾಯಕ್ಕೆ ಬರ್ತಾನೆ, ಅವ ಬಿಟ್ಟು ಬಂದ ಜಾಗಕ್ಕೆ ಇವನ ತಂಡದ ಬಾರ್ಕೊವ್ ನುಗ್ಗಿ ಆಗಿರ್ತದೆ. ಪಕ್ ಅಲ್ಲಿಗೆ. ಮುಗೀತು.

ಇದಕ್ಕೆ ವೇಗ ಎಂತಕ್ಕೆ ಬೇಕು? ಇಪ್ಪತ್ತನೇ ವಯಸ್ಸಿನಲ್ಲಿ ಓಡಿ ತಪ್ಪಿಸಿಕೊಂಡು ಹೋಗ್ತಿದ್ದವ ನಲವತ್ತಕ್ಕೆ ಬರುವಾಗ ನಿಂತೇ ಆಡಲಿಕ್ಕೆ ಶುರು ಮಾಡಿದ. ಪಂದ್ಯ ಮುಗಿಸಿ ರಾತ್ರಿ ಎಲ್ಲರೂ ಮಲಗುವ ಹೊತ್ತಿಗೆ ಮೈಮೇಲೆ ಭಾರದ ಅಂಗಿ, ಕಾಲಿಗೆ ಭಾರ ಕಟ್ಟಿಕೊಂಡು ಒಬ್ಬನೇ ಸ್ಕೇಟ್ ಮಾಡ್ತಿದ್ದದ್ದು ಇದಕ್ಕೇ.

ಬೆಂಚಿಂದ

ಎಲ್ಲರೂ ಹೀಗೆ ಹೊಗಳ್ತಾ ಕೂತರೆ ಹೇಗೆ? ವಾಷಿಂಗ್ಟನ್ ಬಗ್ಗೆ ಯಾರೂ ಮಾತೇ ಆಡ್ತಿಲ್ಲವಲ್ಲ.

2001ರಲ್ಲಿ ಕ್ಯಾಪಿಟಲ್ಸ್ ಅವನನ್ನ ತಗೊಂಡು ಏಳು ವರ್ಷಕ್ಕೆ 77 ಮಿಲಿಯನ್ ಡಾಲರ್ ಕರಾರು ಬರೆದುಕೊಡ್ತು. ಆ ಕಾಲಕ್ಕೆ ಲೀಗ್‌ನಲ್ಲಿ ಕೇಳರಿಯದ ಮೊತ್ತ. ಮೊದಲ ವರ್ಷ ಪ್ಲೇಆಫ್‌ಗೇ ಹೋಗಲಿಲ್ಲ. ಎರಡನೇ ವರ್ಷ ಮೊದಲ ಸುತ್ತಲ್ಲೇ ಟ್ಯಾಂಪಾ ಎದುರು ಮನೆಗೆ. 2004ರ ಜನವರಿಯಲ್ಲಿ ಆನ್ಸನ್ ಕಾರ್ಟರ್‌ನ ಬದಲಿಗೆ ನ್ಯೂಯಾರ್ಕ್ ರೇಂಜರ್ಸ್‌ಗೆ ಸಾಗಹಾಕಿದ್ರು, ಸಂಬಳದಲ್ಲಿ ಒಂದು ಪಾಲನ್ನ ಆಮೇಲೂ ವಾಷಿಂಗ್ಟನ್ನೇ ಕೊಡ್ತಾ ಇತ್ತು. ಆಡೋಕೆ ಮನಸ್ಸಿಲ್ಲದೆ ಆಡಿದ ವರ್ಷಗಳು ಅವು, ನೋಡಿದವರಿಗೆ ಗೊತ್ತು. ಪಿಟ್ಸ್‌ಬರ್ಗ್ ಅಭಿಮಾನಿಗಳು ಅಷ್ಟು ವರ್ಷ ಅವನ ಸ್ಟಿಕ್‌ಗೆ ಪಕ್ ತಾಗಿದಾಗಲೆಲ್ಲ ಕೂಗಿ ಛೀಮಾರಿ ಹಾಕಿದ್ದು ಬಿಟ್ಟಿ ಅಲ್ಲ.

2011ರಲ್ಲೂ ಅಷ್ಟೇ. ಪಿಟ್ಸ್‌ಬರ್ಗ್‌ಗೆ ವಾಪಸ್ ಬರ್ತಾನೆ ಅಂತ ಅಲ್ಲಿನ ಜನ ದಿನಗಟ್ಟಲೆ ಕಾದರು. ಹೋಗಿ ಸಹಿ ಹಾಕಿದ್ದು ಬದ್ಧವೈರಿ ಫಿಲಡೆಲ್ಫಿಯಾಗೆ.

ಲೆಕ್ಕದ_ಮೇಷ್ಟ್ರು

@ಬೆಂಚಿಂದ ವಾಷಿಂಗ್ಟನ್ ಸಪ್ಪೆ, ಒಪ್ಪೋಣ. ಆದರೆ ಪಿಟ್ಸ್‌ಬರ್ಗ್ ಅವನನ್ನ ಯಾಕೆ ಬಿಟ್ಟುಕೊಡ್ತು ಅನ್ನೋದನ್ನೂ ಹೇಳಿ. ಆ ಕ್ಲಬ್ 1998ರಲ್ಲಿ ದಿವಾಳಿ ಅರ್ಜಿ ಹಾಕಿತ್ತು. ತನಗೆ ಬರಬೇಕಿದ್ದ ಸಂಬಳದ ಬಾಕಿಯನ್ನೇ ಪಾಲಾಗಿ ಪರಿವರ್ತಿಸಿಕೊಂಡು 1999ರಲ್ಲಿ ಲೆಮ್ಯೂ ಮಾಲೀಕನಾದ. ಯಾಗರ್‌ನ ಸಂಬಳ ತೂಗಿಸೋ ಶಕ್ತಿ ಅವರಿಗಿರಲಿಲ್ಲ. ಬದಲಿಗೆ ಬಂದ ಮೂವರು ಹುಡುಗರಲ್ಲಿ ಒಬ್ಬನೂ ಎನ್‌ಎಚ್‌ಎಲ್‌ನಲ್ಲಿ ನೆಲೆಯೂರಲಿಲ್ಲ.

ಮತ್ತೆ ರೇಂಜರ್ಸ್ ಕಥೆ ಪೂರ್ತಿ ಮಾಡಿ. ಏಳು ಸೀಸನ್ ಪ್ಲೇಆಫ್ ಮುಖ ನೋಡದ ತಂಡ ಅದು. ಲಾಕೌಟ್ ಮುಗಿದು 2005–06ರಲ್ಲಿ ಎಳೆಯೋದು ಜಗ್ಗೋದಕ್ಕೆಲ್ಲ ಸೀಟಿ ಬೀಳೋಕೆ ಶುರುವಾದ ವರ್ಷ, 33ನೇ ವಯಸ್ಸಿನ ಯಾಗರ್ 54 ಗೋಲು, 123 ಪಾಯಿಂಟ್ ಮಾಡಿದ. ಎರಡೂ ಆ ಕ್ಲಬ್‌ನ ಒಂದು ಸೀಸನ್ ದಾಖಲೆ. 2023–24ರಲ್ಲಿ ಅದೇ ತಂಡದ ಆರ್ಟೆಮಿ ಪನಾರಿನ್ 120 ಪಾಯಿಂಟ್‌ವರೆಗೆ ಬಂದು ನಿಂತ.

ಹಳೇ_ಪಕ್

68 ಅನ್ನೂ ನಂಬರ್ ಯಾಕ ಅಂತ ಯಾರೂ ಕೇಳ್ಲೇ ಇಲ್ಲಲ್ರೀ. ಅವರಜ್ಜನ ಹೆಸರೂ ಯಾರೊಮೀರ್ ಅಂತನ. ಕಮ್ಯುನಿಸ್ಟರು ಹೊಲ ಕಸಗೊಂಡು ಅದ ಹೊಲದಾಗ ಸರ್ಕಾರಕ್ಕ ದುಡಿ ಅಂದ್ರಂತ, ಆ ಅಜ್ಜ ಒಲ್ಲೆ ಅಂದು ಜೈಲಿಗೆ ಹ್ವಾದ. ತೀರ್ಕೊಂಡಿದ್ದು 1968ರಾಗ. ಅದ ವರ್ಷ ಆಗಸ್ಟ್‌ನಾಗ ಸೋವಿಯತ್ ಟ್ಯಾಂಕ್ ಪ್ರಾಗ್‌ಗೆ ನುಗ್ಗಿದ್ವು. ಮೊಮ್ಮಗ ಬೆನ್ನ ಮ್ಯಾಲೆ ಹೊತ್ತಿದ್ದು ಆ ವರ್ಷನ. ಸಾಲಿಗೆ ಹೋಗೂ ಮುಂದ ಪುಸ್ತಕದಾಗ ರೊನಾಲ್ಡ್ ರೇಗನ್ ಫೋಟೋ ಇಟ್ಕೊಂಡಿದ್ನಂತ. ಆಗ ಆ ದೇಶದಾಗ ಅಂಥಾದು ಮಾಡೂದಂದ್ರ ಎಂಥಾ ಗುಂಡಿಗಿ ಬೇಕ್ರಿ!

ಅವನಕಿಂತ ಮದ್ಲಿನವ್ರು ಅಮೆರಿಕಾಕ್ಕ ಬರಬೇಕಂದ್ರ ಕದ್ದು ಓಡಿ ಬರಬೇಕಿತ್ತು. 1980ರಾಗ ಪೀಟರ್ ಸ್ಟಾಸ್ಟ್ನಿ ತಮ್ಮನ್ನ ಕರ್ಕೊಂಡು ಕ್ವಿಬೆಕ್ ಸೇರಿದ್ದು ಹಂಗ. 1989ರಾಗ ಆಡಳಿತ ಬಿತ್ತು, ಮುಂದಿನ ವರ್ಷ ಈ ಹುಡುಗ ರಾಜಾರೋಷವಾಗಿ ಡ್ರಾಫ್ಟ್‌ಗೆ ಬಂದು ಕುಂತ. ಬಂದಾನೇನೋ ಖರೆ, ಹದಿನೆಂಟ ವರ್ಷದಾಂವ, ಇಂಗ್ಲಿಷ್ ಬರಂಗಿಲ್ಲ, ಮನಿ ನೆನಸ್ಕೊಂಡು ಒದ್ದಾಡಾಕ ಹತ್ತಿದ್ದ. ಕ್ಲಬ್‌ನಾಗಿನವ್ರು ಡಿಸೆಂಬರ್‌ನಾಗ ಕ್ಯಾಲ್ಗರಿಯಿಂದ ಯಿರ್ಝಿ ಹರ್ದಿನಾ ಅನ್ನೂ ಚೆಕ್ ಆಟಗಾರನ್ನ ತರಿಸಿದ್ರು. ಮಾತಾಡಾಕ ಒಬ್ಬಾಂವ ಸಿಕ್ಕ ನೋಡ್ರಿ, ಹುಡುಗನ ಆಟನ ಬದಲಾತು.

ಹೊಸಬಳು

ಅಜ್ಜನ ವಿಷಯ ಗೊತ್ತೇ ಇರಲಿಲ್ಲ. ಇಂಥ ಹಿನ್ನೆಲೆ ಇಟ್ಟುಕೊಂಡು 2008ರಲ್ಲಿ ರಷ್ಯಾಕ್ಕೇ ಆಡೋಕೆ ಹೋದನಾ? ಅದು ಹೇಗೆ?

ನೀಲಿಗೆರೆ

ದೂರ ಇದ್ದದ್ದು ಆಡಳಿತದ ಜೊತೆ, ಜನರ ಜೊತೆ ಅಲ್ಲ ಅಂತ ನಾನು ಅರ್ಥ ಮಾಡಿಕೊಂಡಿದ್ದೀನಿ. ಲಾಕೌಟ್ ವರ್ಷದಲ್ಲೇ ಓಮ್ಸ್ಕ್‌ನ ಅವಾನ್‌ಗಾರ್ಡ್ ತಂಡಕ್ಕೆ ಆಡಿದ್ದ, ಆ ನಂಟು ಇತ್ತು. 2008ರಲ್ಲಿ ಹೊಸದಾಗಿ ಹುಟ್ಟಿದ ರಷ್ಯಾದ ಲೀಗ್ ಕೆಎಚ್‌ಎಲ್ ದುಡ್ಡೂ ಚೆನ್ನಾಗಿ ಕೊಡ್ತಿತ್ತು.

ಆದರೆ ಅಲ್ಲಿನ ಮೊದಲ ಸೀಸನ್‌ನಲ್ಲೇ ಒಂದು ಸಾವು ಕಣ್ಣೆದುರಿಗೆ ನಡೀತು. ಅಲೆಕ್ಸೇ ಚೆರೆಪಾನೊವ್, 19 ವರ್ಷ, 2007ರಲ್ಲಿ ರೇಂಜರ್ಸ್ ಮೊದಲ ಸುತ್ತಿನಲ್ಲಿ ಆರಿಸಿದ್ದ ಹುಡುಗ. 2008ರ ಅಕ್ಟೋಬರ್ 13, ಚೆಖೋವ್ ಊರಲ್ಲಿ ಪಂದ್ಯ. ಯಾಗರ್ ಜೊತೆ ಶಿಫ್ಟ್ ಮುಗಿಸಿ ಬಂದು ಬೆಂಚಲ್ಲಿ ಕೂತವನು ಹಾಗೇ ಕುಸಿದ. ಆಂಬುಲೆನ್ಸ್ ಅಷ್ಟೊತ್ತಿಗಾಗಲೇ ಕ್ರೀಡಾಂಗಣ ಬಿಟ್ಟು ಹೋಗಿತ್ತು. ಹುಡುಗ ಉಳಿಯಲಿಲ್ಲ. ಯಾಗರ್ ಅಲ್ಲಿ ಮೂರು ಸೀಸನ್ ಪೂರ್ತಿ ಆಡಿದ.

ಕಡಲ_ಕಾಗೆ

ಇದು ಓದಿ ಮನಸ್ಸಿಗೆ ಕಷ್ಟ ಆಯ್ತು.

ಬೆಂಚಿಂದ

ನಂಗೂ. ಆ ವಿಷಯದಲ್ಲಿ ನನ್ನದೇನೂ ಮಾತಿಲ್ಲ.

ಮೂಲ ಪ್ರಶ್ನೆಗೆ ಬರ್ತೀನಿ. 39ರ ನಂತರದ್ದು ಹಿರಿಮೆ ಅಂದ್ರಲ್ಲ, ಆ ಏಳು ವರ್ಷದಲ್ಲಿ ಎಷ್ಟು ತಂಡ? ಫಿಲಡೆಲ್ಫಿಯಾ, ಡಲ್ಲಾಸ್, ಬಾಸ್ಟನ್, ನ್ಯೂಜೆರ್ಸಿ, ಫ್ಲೋರಿಡಾ, ಕ್ಯಾಲ್ಗರಿ. ಆರು. 2013ರಲ್ಲಿ ಬಾಸ್ಟನ್ ಜೊತೆ ಫೈನಲ್‌ಗೆ ಹೋದಾಗ ಪ್ಲೇಆಫ್‌ನ 22 ಪಂದ್ಯದಲ್ಲಿ ಒಂದೇ ಒಂದು ಗೋಲಿಲ್ಲ. ಕ್ಯಾಲ್ಗರಿಯಲ್ಲಿ 22 ಪಂದ್ಯಕ್ಕೆ ಒಂದು ಗೋಲು, ಮಂಡಿ ನೋವು, ಕೊನೆಗೆ ಸೀಸನ್ ಮಧ್ಯದಲ್ಲೇ ಮನೆಗೆ. ಗೌರವವಾಗಿ ಹೊರಡೋಕೆ ಒಳ್ಳೇ ಹೊತ್ತು ಇರಲಿಲ್ಲವಾ?

ನೀಲಿಗೆರೆ

ಬಾಸ್ಟನ್‌ನ ಆ 22 ಪ್ಲೇಆಫ್ ಪಂದ್ಯದಲ್ಲಿ 10 ಅಸಿಸ್ಟ್ ಇದೆ ಅನ್ನೋದನ್ನ ಯಾಕೆ ನುಂಗಿದ್ರಿ? 1992ರ ಫೈನಲ್ ಆಡಿದವನು 21 ವರ್ಷ ಬಿಟ್ಟು ಮತ್ತೊಂದು ಫೈನಲ್ ಆಡಿದ. ತಂಡ ಬದಲಾಯಿಸಿದ್ದಕ್ಕೂ ಕಾರಣ ಇದೆ. ನಲವತ್ತು ದಾಟಿದವನಿಗೆ ಯಾವ ಕ್ಲಬ್ಬೂ ಒಂದು ವರ್ಷಕ್ಕಿಂತ ಹೆಚ್ಚಿನ ಕರಾರಿಗೆ ಸುಲಭಕ್ಕೆ ಕೈ ಹಾಕಲ್ಲ. ಪ್ರತಿ ಬೇಸಿಗೆಯಲ್ಲೂ ಕೆಲಸ ಹುಡುಕಬೇಕು, ಪ್ರತಿ ಅಕ್ಟೋಬರ್‌ನಲ್ಲೂ ಇನ್ನೂ ಆಗುತ್ತೆ ಅಂತ ತೋರಿಸಬೇಕು.

ತೋರಿಸಿದ ಕೂಡ. ನ್ಯೂಜೆರ್ಸಿಯಲ್ಲಿ 2013–14ರಲ್ಲಿ 82ಕ್ಕೆ 82 ಪಂದ್ಯ ಆಡಿ 67 ಪಾಯಿಂಟ್, ತಂಡದಲ್ಲೇ ಅತಿ ಹೆಚ್ಚು. 2015ರ ಜನವರಿಯಲ್ಲಿ 42ನೇ ವಯಸ್ಸಿಗೆ ಹ್ಯಾಟ್ರಿಕ್ (ಒಂದೇ ಪಂದ್ಯದಲ್ಲಿ ಮೂರು ಗೋಲು), ಅಷ್ಟು ವಯಸ್ಸಿನವರು ಲೀಗ್‌ನಲ್ಲಿ ಅದಕ್ಕೆ ಮುಂಚೆ ಯಾರೂ ಹೊಡೆದಿರಲಿಲ್ಲ. ಫ್ಲೋರಿಡಾದಲ್ಲಿ 2015–16ರಲ್ಲಿ 27 ಗೋಲು, 66 ಪಾಯಿಂಟ್, ಅಲ್ಲೂ ಅವನೇ ಮುಂದು. ಆ ಸೀಸನ್ ನಡುವೆ ಅವನಿಗೆ 44 ತುಂಬಿತು! 2016ರ ಡಿಸೆಂಬರ್ 22ರಂದು ಬಾಸ್ಟನ್ ಎದುರು ಒಂದು ಅಸಿಸ್ಟ್, ಮಾರ್ಕ್ ಮೆಸಿಯರ್‌ನ 1887 ಪಾಯಿಂಟ್ ದಾಟಿ ಲೀಗ್‌ನ ಸಾರ್ವಕಾಲಿಕ ಪಟ್ಟಿಯಲ್ಲಿ ಎರಡನೇ ಸ್ಥಾನ.

ಅಲೆಕ್ಸಾಂಡರ್ ಬಾರ್ಕೊವ್ ಹುಟ್ಟಿದ್ದೇ 1995ರಲ್ಲಿ. ಆಗಲೇ ಯಾಗರ್‌ಗೆ ಎರಡು ಕಪ್ ಆಗಿತ್ತು. ಆ ಹುಡುಗನ ಪಕ್ಕ ನಿಂತು ಆಡಿದ, ಅವನು ಮುಂದೆ ಫ್ಲೋರಿಡಾ ನಾಯಕನಾಗಿ 2024, 2025ರಲ್ಲಿ ಕಪ್ ಎತ್ತಿದ. ಬಾರ್ಕೊವ್ ಪಕ್ ಕಾಯೋ ರೀತಿ ನೋಡಿದಾಗೆಲ್ಲ ನನಗೆ ಕಡಲ_ಕಾಗೆಯವರು ಬರೆದ ಆ ಸೊಂಟವೇ ಕಾಣುತ್ತೆ.

ಹಳೇ_ಪಕ್

ಹಳೇ ಕಾಲದ ದೊಡ್ಡ ಆಟಗಾರ ಗೋರ್ಡಿ ಹೋವ್‌ನ ಮರ್ತ್ರೇನು? 1979–80ರಾಗ ಹಾರ್ಟ್‌ಫರ್ಡ್ ಪರವಾಗಿ 80ಕ್ಕ 80 ಪಂದ್ಯ ಆಡಿ 15 ಗೋಲ್ ಹೊಡದಾನ, ಸೀಸನ್ ಮುಗಿಯೂದ್ರಾಗ 52 ತುಂಬಿತ್ತು. ಒಮ್ಮೆ ಆಟ ಬಿಟ್ಟಾಂವ 1973ರಾಗ ಹ್ಯೂಸ್ಟನ್‌ನಾಗ ತನ್ನ ಇಬ್ರು ಮಕ್ಕಳ ಜೋಡಿ ಆಡಾಕಂತ ತಿರುಗಿ ಬಂದಿದ್ದ. ಆವಾಗ ಅವನ್ನ ಯಾರೂ ಪಾಪ ಅನ್ಲಿಲ್ಲ.

ಬೆಂಚಿಂದ

ಹೋವ್ ಆಡಿದ್ದು ಎನ್‌ಎಚ್‌ಎಲ್‌ನಲ್ಲಿ. ಯಾಗರ್ 46ರ ನಂತರ ಆಡಿದ್ದು ತನ್ನದೇ ಕ್ಲಬ್‌ಗೆ. ಮಾಲೀಕನೇ ಆಟಗಾರ ಆದರೆ ಕೋಚ್ ಅವನನ್ನ ಹೊರಗೆ ಕೂರಿಸೋದು ಹೇಗೆ? ಒಬ್ಬ ಇಪ್ಪತ್ತರ ಹುಡುಗನ ಜಾಗ ಹೋಯ್ತಲ್ಲ, ಅದರ ಲೆಕ್ಕ ಯಾರು ಬರೀತಾರೆ?

ನೀಲಿಗೆರೆ

ಹುಡುಗನ ಜಾಗದ ಪ್ರಶ್ನೆ ನ್ಯಾಯವಾದದ್ದು. ಆದರೆ ಆ ಕ್ಲಬ್ ಉಳಿದಿದ್ದರೆ ತಾನೇ ಹುಡುಗನಿಗೆ ಜಾಗ?

ಕ್ಲಾದ್ನೊ ಕ್ಲಬ್‌ನ ಹೆಚ್ಚಿನ ಪಾಲು 2011ರಲ್ಲಿ ಅಪ್ಪನಿಂದ ಇವನ ಕೈಗೆ ಬಂತು. 2014ರಲ್ಲಿ ತಂಡ ಎರಡನೇ ದರ್ಜೆಗೆ ಬಿತ್ತು. 2018ರ ಜನವರಿಯಲ್ಲಿ ಕ್ಯಾಲ್ಗರಿಯಿಂದ ಇವನು ಬಂದು ಸೇರಿದ್ದು ಆ ಎರಡನೇ ದರ್ಜೆಯ ತಂಡಕ್ಕೆ. 2019ರಲ್ಲಿ ಮೇಲಿನ ಲೀಗ್‌ಗೆ ಏರಿದ್ರು, 2020ರಲ್ಲಿ ಮತ್ತೆ ಬಿದ್ದರು, 2021ರಲ್ಲಿ ಮತ್ತೆ ಏರಿದ್ರು. ಆ ಹತ್ತಿ ಇಳಿಯೋ ಆಟದ ಹಿಂದೆ ಇರೋದು ದುಡ್ಡು. ಚೆಕ್ ಕ್ಲಬ್‌ಗಳಿಗೆ ಎನ್‌ಎಚ್‌ಎಲ್ ಥರ ಟಿವಿ ಹಣದ ಹೊಳೆ ಇಲ್ಲ, ಪ್ರಾಯೋಜಕರೇ ಗತಿ. ಆ ಪ್ರಾಯೋಜಕರಿಗೆ ಬೇಕಿರೋದು ಬೆನ್ನ ಮೇಲೆ 68 ಇರೋ ಮನುಷ್ಯ ಐಸ್ ಮೇಲೆ ಕಾಣಿಸೋದು. ಅವನೇ ಸಂದರ್ಶನಗಳಲ್ಲಿ ಈ ಮಾತನ್ನ ಮುಚ್ಚುಮರೆ ಇಲ್ಲದೆ ಹೇಳಿದ್ದಾನೆ. ಬೇರೆ ಊರಿನ ಕ್ಲಬ್‌ಗಳಿಗೂ ಅವನು ಬಂದ ದಿನ ಟಿಕೆಟ್ ಜೋರಾಗಿ ಖರ್ಚಾಗ್ತಿತ್ತು.

ಅಂದ್ರೆ ಬೆಳಿಗ್ಗೆ ಪ್ರಾಯೋಜಕರ ಜೊತೆ ಮಾತುಕತೆ, ಸಂಜೆ ಅವರ ಬ್ಯಾನರ್ ಮುಂದೆ ಅವನದೇ ಶಿಫ್ಟ್. ಆಟ ಬಿಡೋಕಾಗದವನು ಅನ್ನೋದಕ್ಕಿಂತ ಅಂಗಡಿ ಮುಚ್ಚೋಕಾಗದವನು ಅನ್ನಿ, ಒಪ್ಪಿಕೊಳ್ತೀನಿ.

ಕಡಲ_ಕಾಗೆ

ಅದೂ ಉಂಟು, ಆಟದ ಆಸೆಯೂ ಉಂಟು ಮಾರಾಯ್ರೆ. ದುಡ್ಡಿಗೆ ಮಾತ್ರ ಆಗಿದ್ದರೆ ಪ್ರತಿ ಪಂದ್ಯಕ್ಕೆ ಹತ್ತು ನಿಮಿಷ ಕೈಬೀಸಿ ಹೋಗಬಹುದಿತ್ತು. ರಾತ್ರಿ ಭಾರ ಕಟ್ಟಿಕೊಂಡು ಓಡುವುದು ಯಾರಿಗೆ ತೋರಿಸಲಿಕ್ಕೆ?

ಹೊಸಬಳು

ಇಷ್ಟೆಲ್ಲ ಓದಿದ ಮೇಲೆ ಒಂದು ಅನುಮಾನ. ಟೊರೊಂಟೊದಲ್ಲಿರೋ ಹಾಕಿ ಹಾಲ್ ಆಫ್ ಫೇಮ್‌ನಲ್ಲಿ ಇವನ ಹೆಸರು ಹುಡುಕಿದೆ, ಸಿಗಲಿಲ್ಲ. 1921 ಪಾಯಿಂಟ್ ಸಾಲದಾ?

ಲೆಕ್ಕದ_ಮೇಷ್ಟ್ರು

@ಹೊಸಬಳು ಪಾಯಿಂಟ್ ಬೇಕಾದಷ್ಟಿದೆಯಮ್ಮ. ನಿಯಮ ಅಡ್ಡ ಬರುತ್ತೆ. ವೃತ್ತಿಪರ ಆಟ ನಿಲ್ಲಿಸಿ ಮೂರು ಸೀಸನ್ ಕಳೆದ ಮೇಲೇ ಹೆಸರು ಪರಿಗಣಿಸೋದು. ಅದು ಎನ್‌ಎಚ್‌ಎಲ್‌ಗೆ ಮಾತ್ರ ಅಲ್ಲ, ಕ್ಲಾದ್ನೊಗೆ ಒಂದು ಪಂದ್ಯ ಆಡಿದರೂ ಲೆಕ್ಕ ಮತ್ತೆ ಮೊದಲಿಂದ. 2018ರಲ್ಲೇ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಒಳಗಿರ್ತಿದ್ದ.

ಬೆಂಚಿಂದ

ನೋಡಿ, ಇದನ್ನೇ ನಾನು ಹೇಳ್ತಿದ್ದದ್ದು. 2018ರಲ್ಲೇ ಬಿಡಬೇಕಿತ್ತು.

ಹಳೇ_ಪಕ್

ಬಿಟ್ಟಿದ್ರ ಕ್ಲಾದ್ನೊ ಏನಾಕ್ಕಿತ್ತು ಅಂತ ನೀಲಿಗೆರೆಯವ್ರು ಆಗಲೇ ಬರದಾರಲ್ರೀ. ಓದೇ ಇಲ್ಲೇನು?